ಮನಿಗಾಲ್: ಹೆಸರಿನಲ್ಲಿ ಹಣವಿಲ್ಲ, ಇರುವುದು ಪರಕೀಯರ ಪೊದೆಗಾಡು

ಐರ್ಲೆಂಡಿನ ನಡುಭಾಗದಲ್ಲಿ, ರಾಜಧಾನಿ ಡಬ್ಲಿನ್‌ನಿಂದ ಲಿಮರಿಕ್ ನಗರಕ್ಕೆ ಸಾಗುವ ಹಳೆಯ ಹೆದ್ದಾರಿಯ ಇಕ್ಕೆಲಗಳಲ್ಲಿ ಚಾಚಿಕೊಂಡಿರುವ ಪುಟ್ಟ ಗ್ರಾಮ ಮನಿಗಾಲ್. ಆಫಲಿ ಕೌಂಟಿಗೆ ಸೇರಿದ ಈ ಊರು ಟಿಪ್ಪರರಿ ಕೌಂಟಿಯ ಗಡಿಯಂಚಿನಲ್ಲಿದೆ. ಜನಸಂಖ್ಯೆ ಸುಮಾರು 300. ಒಂದು ಮುಖ್ಯ ಬೀದಿ, ಕೆಲವು ಅಂಗಡಿ ಹಾಗೂ ಪಾನಗೃಹಗಳು, ಸುತ್ತಲೂ ಹಸುಗಳು ಮೇಯುವ ಹುಲ್ಲುಗಾವಲು. ಇಷ್ಟೇ ಊರಿನ ವಿಸ್ತಾರ. ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರ ಪೂರ್ವಜರೊಬ್ಬರ ಮೂಲ ಇಲ್ಲಿತ್ತು ಎಂಬುದು ಬೆಳಕಿಗೆ ಬಾರದೆ ಹೋಗಿದ್ದರೆ ಈ ಹೆಸರು ಐರ್ಲೆಂಡಿನ ಹೊರಗೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹೆಸರನ್ನು ಇಂಗ್ಲಿಷಿನಲ್ಲಿ ಓದಿದವರು ಮೊದಲು ಕೇಳುವ ಪ್ರಶ್ನೆ, ಈ ಊರಿಗೂ ಹಣಕ್ಕೂ ಏನು ಸಂಬಂಧ ಎಂಬುದು. ಹಣವೆಂಬ ಅರ್ಥದ ಇಂಗ್ಲಿಷ್ ಪದವೇ ಹೆಸರಿನ ಪೂರ್ವಾರ್ಧದಲ್ಲಿ ಅಕ್ಷರಶಃ ಕುಳಿತಿದೆ. ಆದರೆ ಹಣಕ್ಕೂ ಈ ಊರಿನ ಹೆಸರಿಗೂ ಯಾವುದೇ ಸಂಬಂಧವಿಲ್ಲ. (ಧಾರವಾಡ ಸೀಮೆಯ ಓದುಗರ ಕಿವಿಗೆ ಇದು ಹಣಕ್ಕಿಂತ ಮೊದಲು ಮನೆಯಾಗಿಯೇ ಕೇಳಿಸೀತು, ಅದೂ ಅಷ್ಟೇ ದೂರದ ಮಾತು.) ಇದು ಇಂಗ್ಲಿಷ್ ಹೆಸರೇ ಅಲ್ಲ. ಐರಿಷ್ ಭಾಷೆಯ ‘ಮ್ವಿನ್ಯೆ ಗಾಲ್’ ಎಂಬ ಎರಡು ಪದಗಳನ್ನು ಇಂಗ್ಲಿಷ್ ಕಿವಿಯಿಂದ ಕೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ ರೂಪ. ‘ಮ್ವಿನ್ಯೆ’ ಎಂದರೆ ಪೊದೆ, ಕುರುಚಲು ಕಾಡು. ‘ಗಾಲ್’ ಎಂದರೆ ಪರಕೀಯರು. ಎರಡೂ ಸೇರಿ ‘ಪರಕೀಯರ ಪೊದೆಗಾಡು’.

ಐರ್ಲೆಂಡಿನಲ್ಲಿ ಇಂಥ ಊರುಗಳು ಸಾವಿರಾರು. ಹೆಸರು ಐರಿಷ್, ಬರಹ ಇಂಗ್ಲಿಷ್, ಅರ್ಥ ಎರಡರ ನಡುವೆ ಕಾಣೆಯಾಗಿರುತ್ತದೆ. ಮನಿಗಾಲ್‌ನ ಎರಡು ಪದಗಳನ್ನು ಬಿಡಿಸಿ ನೋಡಿದರೆ ಅದು ಹೇಗೆ ಕಾಣೆಯಾಯಿತು ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಒಂದೇ ಕಾಗುಣಿತ, ಹಲವು ಮೂಲ

ಮೊದಲ ಪದವನ್ನೇ ತೆಗೆದುಕೊಳ್ಳಬಹುದು. ಉತ್ತರ ಐರ್ಲೆಂಡಿನ ಮನಿಮೋರ್ ಎಂಬ ಊರಿನ ಹೆಸರಿನಲ್ಲೂ ಇದೇ ‘ಮ್ವಿನ್ಯೆ’ ಇದೆ. ‘ಮೋರ್’ ಎಂದರೆ ದೊಡ್ಡದು, ಹಾಗಾಗಿ ಅದು ‘ದೊಡ್ಡ ಪೊದೆಗಾಡು’. ಇಷ್ಟರಿಂದ, ಹಣವೆಂಬ ಇಂಗ್ಲಿಷ್ ಪದ ಕಂಡಲ್ಲೆಲ್ಲ ಪೊದೆಗಾಡು ಎಂದು ಓದಿಕೊಂಡರೆ ಮತ್ತೆ ತಪ್ಪಾಗುತ್ತದೆ. ಆಂಟ್ರಿಮ್ ಕೌಂಟಿಯ ಬ್ಯಾಲಿಮನಿ ಎಂಬ ಪಟ್ಟಣದ ಐರಿಷ್ ರೂಪದಲ್ಲಿರುವುದು ಬಯಲು ಬೋರೆ, ಜೌಗು ನೆಲವನ್ನು ಸೂಚಿಸುವ ಬೇರೆಯೇ ಪದ. ಡೌನ್ ಕೌಂಟಿಯ ಮನಿರೇ ಎಂಬಲ್ಲಿಯೂ ಹಾಗೆಯೇ. ಅದು ಬೂದುಬಣ್ಣದ ಜೌಗುಭೂಮಿ. ಮೂಲದಲ್ಲಿ ಉಚ್ಚಾರ, ಅರ್ಥ, ವ್ಯಾಕರಣ ಎಲ್ಲದರಲ್ಲಿಯೂ ಭಿನ್ನವಾಗಿದ್ದ ಪದಗಳು ಇಂಗ್ಲಿಷ್ ಕಾಗುಣಿತದೊಳಗೆ ಬಿದ್ದು ಒಂದೇ ಮುಖ ಧರಿಸಿದವು.

ಇದಕ್ಕಿಂತ ಹೆಚ್ಚು ಪರಿಚಿತ ಉದಾಹರಣೆ ‘ಕಿಲ್’ ಎಂದು ಆರಂಭವಾಗುವ ಹೆಸರುಗಳದ್ದು. ಕಿಲ್ಡೇರ್, ಕಿಲ್ಕೆನಿ ಮೊದಲಾದ ಪ್ರಸಿದ್ಧ ಹೆಸರುಗಳಲ್ಲಿ ಅದು ‘ಚರ್ಚು’ ಎಂಬ ಅರ್ಥದ ಪದದಿಂದ ಬಂದದ್ದು. ಕಿಲ್ಡೇರ್ ಎಂದರೆ ಓಕ್ ಮರದ ಬಳಿಯ ಚರ್ಚು. ಆದರೆ ಐರಿಷ್‌ನಲ್ಲಿ ಕಾಡು ಎಂಬ ಅರ್ಥದ ‘ಕ್ವಿಲ್’ ಎಂಬ ಪದವೂ ಅನೇಕ ಊರುಗಳ ಹೆಸರಿನಲ್ಲಿ ‘ಕಿಲ್’ ಆಗಿಯೇ ನಿಂತಿದೆ. ಇಂಗ್ಲಿಷ್ ರೂಪವನ್ನಷ್ಟೇ ನೋಡಿದವನಿಗೆ ಅಲ್ಲಿ ಹಿಂದೆ ಇದ್ದದ್ದು ದೇವಾಲಯವೋ ಅರಣ್ಯವೋ ತಿಳಿಯುವ ಬಗೆಯಿಲ್ಲ. ಹಳೆಯ ದಾಖಲೆ ಬೇಕು, ಇಲ್ಲವೇ ಐರಿಷ್ ಬಲ್ಲ ಸ್ಥಳೀಯರ ನಾಲಗೆ ಬೇಕು. ಎರಡನೆಯದು ಹೆಚ್ಚಿನ ಕಡೆ ಇಲ್ಲವಾಗಿ ನೂರೈವತ್ತು ವರ್ಷಗಳೇ ಕಳೆದಿವೆ.

ಉಳಿದಂತೆ ಕೆಲವು ಪದಾಂಶಗಳು ನೇರವಾಗಿವೆ. ‘ಬ್ಯಾಲಿ’ ಎಂದರೆ ಊರು, ನೆಲೆ. ‘ನಾಕ್’ ಎಂದರೆ ಗುಡ್ಡ, ‘ಡನ್’ ಎಂದರೆ ಕೋಟೆ, ‘ಡೆರಿ’ ಎಂದರೆ ಓಕ್ ತೋಪು, ‘ಕ್ಯಾರಿಕ್’ ಎಂದರೆ ಬಂಡೆ. ನಮ್ಮ ಹಳ್ಳಿ, ಕೆರೆ, ಗುಡ್ಡ, ಕಲ್ಲುಗಳಿಂದ ಊರ ಹೆಸರು ಕಟ್ಟಿದವರಿಗೆ ಈ ಪದ್ಧತಿ ಅಪರಿಚಿತವೇನಲ್ಲ. ‘ಬ್ಯಾಲಿ’ಗೂ ‘ಹಳ್ಳಿ’ಗೂ ಇರುವ ಧ್ವನಿಸಾಮ್ಯ ಮಾತ್ರ ಶುದ್ಧ ಆಕಸ್ಮಿಕ, ಅದರ ಬೆನ್ನು ಹತ್ತಿ ವಂಶವೃಕ್ಷ ಬರೆಯಹೊರಡುವುದು ವ್ಯರ್ಥ ಶ್ರಮ.

ಯಾರು ಈ ಪರಕೀಯರು?

ಹೆಸರಿನ ಉತ್ತರಾರ್ಧ ಹೆಚ್ಚು ಕುತೂಹಲಕರವಾದದ್ದು. ‘ಗಾಲ್’ ಎಂಬುದು ಮೂಲತಃ ಒಂದು ಜನಾಂಗದ ಹೆಸರು. ಇಂದಿನ ಫ್ರಾನ್ಸ್ ಪ್ರದೇಶದಲ್ಲಿ ರೋಮನ್ನರ ಕಾಲದಲ್ಲಿದ್ದ ಗಾಲ್ ಜನರಿಗೆ ಸಂಬಂಧಿಸಿದ್ದು. ಕ್ರಮೇಣ ಅದು ಸಮುದ್ರ ದಾಟಿ ಬಂದ ಯಾವುದೇ ಹೊರಗಿನವನನ್ನು ಸೂಚಿಸುವ ಪದವಾಯಿತು. ಅಯೋನಿಯದ ಗ್ರೀಕರ ಹೆಸರು ಭಾರತದಲ್ಲಿ ‘ಯವನ’ವಾಗಿ ನಂತರ ಬಂದ ಪಶ್ಚಿಮದವರನ್ನೆಲ್ಲ ಒಳಗೊಂಡದ್ದು, ಯುರೋಪಿನ ಫ್ರಾಂಕ್ ಜನರ ಹೆಸರು ನಮ್ಮಲ್ಲಿ ‘ಪರಂಗಿ’ಯಾಗಿ ಬಿಳಿಯರಿಗೂ ಹಣ್ಣಿಗೂ ಅಂಟಿಕೊಂಡದ್ದು ಇದೇ ಜಾಡಿನ ಬೆಳವಣಿಗೆ.

ಕ್ರಿ.ಶ. 795ರಲ್ಲಿ ಐರ್ಲೆಂಡಿನ ಮೇಲೆ ವೈಕಿಂಗರ ದಾಳಿ ಆರಂಭವಾಯಿತು. 841ರ ಹೊತ್ತಿಗೆ ಅವರು ಡಬ್ಲಿನ್‌ನಲ್ಲಿ ನೆಲೆಯೂರಿದ್ದರು. ಆ ಶತಮಾನಗಳಲ್ಲಿ ‘ಗಾಲ್’ ಎಂದರೆ ವೈಕಿಂಗರೇ. ಡಬ್ಲಿನ್‌ನ ಉತ್ತರಕ್ಕಿರುವ ಫಿಂಗಲ್ ಪ್ರದೇಶದ ಹೆಸರಿನ ಅರ್ಥ ‘ಪರಕೀಯರ ಕುಲ’. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳನ್ನು ‘ಪರಕೀಯರ ದ್ವೀಪಗಳು’ ಎಂದು ಕರೆದದ್ದೂ ಆಗಲೇ. ವಾಯವ್ಯ ತುದಿಯ ಡೊನೆಗಾಲ್ ‘ಪರಕೀಯರ ಕೋಟೆ’. ಇದರ ಐರಿಷ್ ಉಚ್ಚಾರ ‘ಡೂನ್ ನ ಙಾಲ್’. ಐರಿಷ್ ವ್ಯಾಕರಣದ ನಿಯಮದಂತೆ ಇಲ್ಲಿ ಗಕಾರ ಅನುನಾಸಿಕವಾಗಿ ಬದಲಾಗುತ್ತದೆ. ಇಂಗ್ಲಿಷರು ಪದದ ಆದಿಯಲ್ಲಿ ನುಡಿಯಲಾರದ ಈ ಧ್ವನಿಗೆ ಕನ್ನಡ ವರ್ಣಮಾಲೆಯಲ್ಲಿ, ಕೆಲಸವಿಲ್ಲದೆ ಕುಳಿತಿರುವ ಒಂದು ಅಕ್ಷರವೇ ಇದೆ.

1169ರಲ್ಲಿ ನಾರ್ಮನ್ನರು ಬಂದಿಳಿದ ಮೇಲೆ ಅದೇ ಪದ ಅವರಿಗೆ ವರ್ಗಾವಣೆಯಾಯಿತು. ಮುಂದೆ ಇಂಗ್ಲಿಷರೂ ‘ಗಾಲ್’ಗಳಾದರು. ಸ್ಕಾಟ್ಲೆಂಡಿನಿಂದ ಬಂದು ಐರಿಷ್ ದೊರೆಗಳ ಬಳಿ ಕೂಲಿಗೆ ಯುದ್ಧ ಮಾಡುತ್ತಿದ್ದ ಯೋಧರನ್ನು ‘ಪರಕೀಯ ತರುಣ ಭಟ’ ಎಂಬರ್ಥದ ಪದದಿಂದ ಕರೆದರು. ಇಂಗ್ಲಿಷಿನಲ್ಲಿ ಅದು ‘ಗ್ಯಾಲೋಗ್ಲಾಸ್’ ಆಯಿತು. ಇಂದಿಗೂ ಐರಿಷ್ ಮಾತೃಭಾಷೆಯಾಗಿ ಉಳಿದಿರುವ ಪ್ರದೇಶಗಳಿಗೆ ‘ಗೇಲ್ಟಾಕ್ಟ್’ ಎಂದೂ, ಇಂಗ್ಲಿಷ್ ಆಡುವ ಉಳಿದ ದೇಶಕ್ಕೆ ‘ಗಾಲ್ಟಾಕ್ಟ್’ ಎಂದೂ ಹೆಸರು. ಅಂದರೆ ತಮ್ಮದೇ ನಾಡಿನ ಬಹುಭಾಗವನ್ನು ‘ಪರಕೀಯರ ಸೀಮೆ’ ಎಂದು ಕರೆಯಬೇಕಾದ ವಿಚಿತ್ರ ಸ್ಥಿತಿ ಈ ಭಾಷೆಯದು.

ಮನಿಗಾಲ್‌ನ ಹೆಸರು ಇವರಲ್ಲಿ ಯಾರನ್ನು ಕುರಿತದ್ದು ಎಂಬುದನ್ನು ಹೆಸರೇ ಹೇಳುವುದಿಲ್ಲ. ಆದರೆ ನೆರೆಹೊರೆಯನ್ನು ನೋಡಿದರೆ ನಾರ್ಮನ್ನರ ಹೆಜ್ಜೆಗುರುತು ದಟ್ಟವಾಗಿದೆ. ಸಮೀಪದ ಕ್ಲಾಜೋರ್ಡನ್ ಎಂಬ ಊರಿನ ಹೆಸರಿನ ಅರ್ಥ ‘ಜೋರ್ಡನ್‌ನ ಕಲ್ಲುಗೋಟೆ’. ಜೋರ್ಡನ್ ಎಂಬುದು ನಾರ್ಮನ್ನರು ತಂದ ಹೆಸರು. ನೀನಾ ಪಟ್ಟಣದಲ್ಲಿ ಬಟ್ಲರ್ ಮನೆತನದ ನಾರ್ಮನ್ ಸರದಾರ 1200ರ ಸುಮಾರಿಗೆ ಕಟ್ಟಿಸಲಾರಂಭಿಸಿದ ದುಂಡನೆಯ ಗೋಪುರ ಈಗಲೂ ನಿಂತಿದೆ. ರಾಸ್‌ಕ್ರೇ ಪಟ್ಟಣದಲ್ಲಿ ಹದಿಮೂರನೆಯ ಶತಮಾನದ ಕೋಟೆಯಿದೆ. ಇವೆಲ್ಲವೂ ಮನಿಗಾಲ್‌ನಿಂದ ಕೆಲವೇ ಮೈಲಿಗಳ ಅಂತರದವು. ಈ ಭಾಗ ಆಗ ‘ಏಲ’ ಎಂಬ ಪ್ರಾಚೀನ ರಾಜ್ಯಕ್ಕೆ ಸೇರಿ, ಓ ಕ್ಯಾರೊಲ್ ಎಂಬ ಗೇಲಿಕ್ ಮನೆತನದ ಹಿಡಿತದಲ್ಲಿತ್ತು. ಗೇಲಿಕ್ ದೊರೆಗಳ ನಾಡಿಗೂ ನಾರ್ಮನ್ ಸರದಾರರ ನಾಡಿಗೂ ನಡುವಿನ ಅಂಚಿನ ಭೂಮಿಯಲ್ಲಿ ಒಂದು ಕುರುಚಲು ಕಾಡಿಗೆ ‘ಹೊರಗಿನವರದು’ ಎಂಬ ಹೆಸರು ಬೀಳುವುದು ಅಸಹಜವಲ್ಲ. ಹೆಸರಿಟ್ಟವರು ಮಾತ್ರ ಆ ಪರಕೀಯರಲ್ಲ, ಅವರನ್ನು ದೂರದಿಂದ ನೋಡುತ್ತಿದ್ದ ಐರಿಷ್ ಭಾಷಿಕರು ಎಂಬುದು ಹೆಸರಿನಿಂದಲೇ ಸ್ಪಷ್ಟ. ಯಾರೂ ತಮ್ಮ ಊರನ್ನು ತಾವೇ ‘ಪರಕೀಯರದು’ ಎಂದು ಕರೆದುಕೊಳ್ಳುವುದಿಲ್ಲ.

ಅಂಚಿನ ಗುಣ ಇಂದಿಗೂ ಊರನ್ನು ಬಿಟ್ಟಿಲ್ಲ. ಆಡಳಿತದ ದೃಷ್ಟಿಯಿಂದ ಮನಿಗಾಲ್ ಆಫಲಿಗೆ ಸೇರಿದ್ದರೂ ಅದರ ಹರ್ಲಿಂಗ್ ತಂಡ ಆಡುವುದು ಟಿಪ್ಪರರಿಯ ಪಂದ್ಯಾವಳಿಯಲ್ಲಿ. ಐರ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕೌಂಟಿನಿಷ್ಠೆ ಅಳೆಯುವುದೇ ಮೈದಾನದಲ್ಲಿ.

ಆಫಲಿ ಎಂಬ ಹೆಸರೂ ಒಂದು ಕಾಲದಲ್ಲಿ ಅಳಿಸಲ್ಪಟ್ಟಿತ್ತು. 1556ರಲ್ಲಿ ಇಂಗ್ಲಿಷ್ ಆಡಳಿತ ಈ ಭಾಗವನ್ನು ಕೌಂಟಿಯಾಗಿ ವಿಂಗಡಿಸಿದಾಗ, ರಾಣಿ ಮೇರಿಯ ಪತಿ ಸ್ಪೇನಿನ ಫಿಲಿಪ್‌ನ ಗೌರವಾರ್ಥ ‘ಕಿಂಗ್ಸ್ ಕೌಂಟಿ’ ಎಂದು ಹೆಸರಿಟ್ಟಿತು. ಪಕ್ಕದ ಲೀಶ್ ‘ಕ್ವೀನ್ಸ್ ಕೌಂಟಿ’ ಆಯಿತು. ಎರಡೂ ಹಳೆಯ ಹೆಸರಿಗೆ ಮರಳಿದ್ದು ಐರ್ಲೆಂಡ್ ಸ್ವತಂತ್ರವಾಗುವ ಹೊತ್ತಿನಲ್ಲಿ. ಇಂಥ ರಾಜಮುದ್ರೆಯ ಹೆಸರುಗಳನ್ನು ಕಿತ್ತುಹಾಕುವುದು ಸುಲಭವಾಗಿತ್ತು. ಮನಿಗಾಲ್‌ನಂತಹ ಹೆಸರುಗಳ ಕಥೆ ಬೇರೆ. ಅವುಗಳನ್ನು ಯಾರೂ ಬದಲಿಸಿರಲಿಲ್ಲ, ಬರೆದಿಟ್ಟಿದ್ದರು ಅಷ್ಟೇ.

ನಕ್ಷೆ ಬರೆದವರು

ಆ ಬರವಣಿಗೆ ಅಂತಿಮ ರೂಪ ಪಡೆದದ್ದು ಹತ್ತೊಂಬತ್ತನೆಯ ಶತಮಾನದ ಭೂಮಾಪನದಲ್ಲಿ. ಭೂಕಂದಾಯ ನ್ಯಾಯಯುತವಾಗಿ ಹಂಚಿಕೆಯಾಗಬೇಕಾದರೆ ಪ್ರತಿಯೊಂದು ಹಳ್ಳಿತುಂಡಿನ ಸರಿಯಾದ ಅಳತೆ ಬೇಕೆಂದು ಬ್ರಿಟಿಷ್ ಸರಕಾರ 1824ರಲ್ಲಿ ಐರ್ಲೆಂಡಿನ ಸರ್ವೆಗೆ ಆದೇಶಿಸಿತು. ‘ಟೌನ್‌ಲ್ಯಾಂಡ್’ ಎಂದು ಕರೆಯಲಾಗುವ ಈ ತುಂಡುಗಳ ಸಂಖ್ಯೆ 60 ಸಾವಿರಕ್ಕೂ ಹೆಚ್ಚು. ಥಾಮಸ್ ಕಾಲ್ಬಿ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ, ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಇಡೀ ದ್ವೀಪದ ನಕ್ಷೆ ಸಿದ್ಧವಾಯಿತು. ಮೊದಲ ಕೌಂಟಿಯ ನಕ್ಷೆಗಳು 1833ರಲ್ಲಿ, ಕೊನೆಯವು 1846ರಲ್ಲಿ ಹೊರಬಂದವು.

ಅಳೆಯುವುದು ಸೈನಿಕರಿಗೆ ತಿಳಿದಿತ್ತು. ಅಳೆದದ್ದರ ಮೇಲೆ ಬರೆಯಬೇಕಾದ ಹೆಸರು ಯಾವುದು ಎಂಬುದು ತಿಳಿದಿರಲಿಲ್ಲ. ಒಂದೇ ಊರಿಗೆ ಕಂದಾಯದ ಪುಸ್ತಕದಲ್ಲಿ ಒಂದು ಕಾಗುಣಿತ, ಜಮೀನ್ದಾರನ ಪತ್ರದಲ್ಲಿ ಇನ್ನೊಂದು, ಪಾದ್ರಿಯ ದಾಖಲೆಯಲ್ಲಿ ಮತ್ತೊಂದು. ಈ ಗೊಂದಲ ಬಗೆಹರಿಸಲು 1830ರಲ್ಲಿ ಜಾನ್ ಓ ಡೊನೊವನ್ ಎಂಬ ವಿದ್ವಾಂಸರನ್ನು ನೇಮಿಸಿಕೊಳ್ಳಲಾಯಿತು. ಕಿಲ್ಕೆನಿ ಕೌಂಟಿಯಲ್ಲಿ 1806ರಲ್ಲಿ ಜನಿಸಿದ ಓ ಡೊನೊವನ್ ಐರಿಷ್ ಬಲ್ಲವರು, ಹಳೆಯ ಹಸ್ತಪ್ರತಿಗಳನ್ನು ಓದಬಲ್ಲವರು. ಅವರು ಕೌಂಟಿಯಿಂದ ಕೌಂಟಿಗೆ ಸಂಚರಿಸಿ, ಊರ ಹಿರಿಯರನ್ನು ಕೂರಿಸಿಕೊಂಡು ಹೆಸರನ್ನು ಅವರ ಬಾಯಿಂದ ಕೇಳಿ, ಐರಿಷ್ ರೂಪವನ್ನು ದಾಖಲಿಸಿದರು. ಅವರೂ ಅವರ ಸಹೋದ್ಯೋಗಿಗಳೂ ಕ್ಷೇತ್ರದಿಂದ ಡಬ್ಲಿನ್ ಕಚೇರಿಗೆ ಬರೆದ ಪತ್ರಗಳು ಇಂದಿಗೂ ಐರಿಷ್ ಸ್ಥಳನಾಮ ಅಧ್ಯಯನದ ಆಕರಗಳಾಗಿವೆ. ಅಂದಿನ ಕಿಂಗ್ಸ್ ಕೌಂಟಿಯ ಪತ್ರಗಳೂ ಅವುಗಳಲ್ಲಿ ಸೇರಿವೆ.

ಆದರೆ ನಕ್ಷೆಯ ಮೇಲೆ ಹೋದದ್ದು ಆ ಐರಿಷ್ ರೂಪವಲ್ಲ. ಆಗಲೇ ಬಳಕೆಯಲ್ಲಿದ್ದ ಇಂಗ್ಲಿಷ್ ಕಾಗುಣಿತಗಳ ಪೈಕಿ ಮೂಲಕ್ಕೆ ಹತ್ತಿರವಾದದ್ದನ್ನು ಆರಿಸುವುದು ಸರ್ವೆಯ ನಿಯಮ. ಐರಿಷ್ ರೂಪ ಕಚೇರಿಯ ‘ಹೆಸರು ಪುಸ್ತಕ’ಗಳಲ್ಲಿ ಉಳಿಯಿತು, ಇಂಗ್ಲಿಷ್ ರೂಪ ಊರ ಮೇಲೆ ಉಳಿಯಿತು.

ನಾಟಕಕಾರ ಬ್ರಯನ್ ಫ್ರೀಲ್ 1980ರಲ್ಲಿ ಡೆರಿ ನಗರದಲ್ಲಿ ಪ್ರಥಮ ಪ್ರದರ್ಶನ ಕಂಡ ‘ಟ್ರಾನ್ಸ್‌ಲೇಷನ್ಸ್’ ನಾಟಕದಲ್ಲಿ ಈ ಸರ್ವೆಯನ್ನೇ ವಸ್ತುವಾಗಿಸಿಕೊಂಡರು. ನಾಟಕದ ಪ್ರಭಾವದಿಂದಾಗಿ, ಸರ್ವೆಯ ಸೈನಿಕರು ಬಂದು ಐರಿಷ್ ಹೆಸರುಗಳನ್ನು ಅಳಿಸಿ ಇಂಗ್ಲಿಷ್ ಹೆಸರು ಹಚ್ಚಿದರೆಂಬ ಕಲ್ಪನೆ ಜನಪ್ರಿಯವಾಗಿದೆ. ರಂಗದ ಮೇಲೆ ಅದು ಸಮರ್ಥ ರೂಪಕ. ಇತಿಹಾಸವಾಗಿ ಅಷ್ಟು ನಿಖರವಲ್ಲ. ಇಂಗ್ಲಿಷ್ ಕಾಗುಣಿತಗಳು ಸರ್ವೆಗಿಂತ ಶತಮಾನಗಳ ಹಿಂದಿನವು. ಕ್ರಾಮ್‌ವೆಲ್ ಕಾಲದಲ್ಲಿ ಮುಟ್ಟುಗೋಲಾದ ಜಮೀನುಗಳನ್ನು 1650ರ ದಶಕದಲ್ಲಿ ಅಳೆಸಿದ ವಿಲಿಯಂ ಪೆಟಿಯ ನಕ್ಷೆಗಳಲ್ಲೇ ಊರುಗಳು ಇಂಗ್ಲಿಷ್ ವೇಷದಲ್ಲಿ ಕಾಣುತ್ತವೆ. ಹಾಗೆ ನೋಡಿದರೆ ಐರಿಷ್ ರೂಪಗಳನ್ನು ಮೊದಲ ಬಾರಿಗೆ ಇಷ್ಟು ವ್ಯವಸ್ಥಿತವಾಗಿ ಬರೆದಿಟ್ಟದ್ದು ಓ ಡೊನೊವನ್ ಬಳಗವೇ. ಅದೂ ಸರಿಯಾದ ಸಮಯದಲ್ಲಿ. ಇಪ್ಪತ್ತು ವರ್ಷ ತಡವಾಗಿದ್ದರೆ ಕೇಳಿ ಬರೆದುಕೊಳ್ಳಲು ಅನೇಕ ಕಡೆ ಯಾರೂ ಇರುತ್ತಿರಲಿಲ್ಲ.

ಈ ಸರ್ವೆಗೂ ಕರ್ನಾಟಕದ ನೆಲಕ್ಕೂ ನೇರವಾದ ನಂಟೊಂದಿದೆ. ಐರ್ಲೆಂಡಿನಲ್ಲಿ ಮೂಲರೇಖೆ ಅಳೆಯಲು ಕಾಲ್ಬಿ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಿಸಿಲು ಚಳಿಗೆ ಉದ್ದ ಬದಲಾಗದಂತಹ ಅಳತೆಗೋಲೊಂದನ್ನು ರೂಪಿಸಿದ್ದರು. ರಜೆಯ ಮೇಲೆ ಸ್ವದೇಶದಲ್ಲಿದ್ದ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೆ ಹೋಗಿ ಆ ಕಾರ್ಯವಿಧಾನವನ್ನು ಅಭ್ಯಸಿಸಿದರು. ಮರುವರ್ಷ ಭಾರತಕ್ಕೆ ಮರಳುವಾಗ ಅದೇ ಮಾದರಿಯ ಉಪಕರಣ ಅವರೊಂದಿಗೆ ಬಂತು. ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಬೀದರ್ ಮೂಲರೇಖೆಯನ್ನು 1841ರಲ್ಲಿಯೂ, ಬೆಂಗಳೂರಿನದನ್ನು 1867-68ರಲ್ಲಿಯೂ ಅಳೆದದ್ದು ಕಾಲ್ಬಿಯ ಹೆಸರಿನ ಆ ಪಟ್ಟಿಗಳಿಂದಲೇ.

ಕ್ಷಾಮ, ವಲಸೆ, ಭಾಷೆ

ಕೊನೆಯ ಕೌಂಟಿಯ ನಕ್ಷೆ ಹೊರಬರುವ ಮುನ್ನವೇ ಆಲೂಗಡ್ಡೆ ಬೆಳೆಗೆ ರೋಗ ತಗುಲಿತ್ತು. 1845ರಿಂದ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಸುಮಾರು ಅಷ್ಟೇ ಜನ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 81.75 ಲಕ್ಷವಿದ್ದ ದ್ವೀಪದ ಜನಸಂಖ್ಯೆ 1851ರಲ್ಲಿ 65.5 ಲಕ್ಷಕ್ಕೆ ಇಳಿಯಿತು. ಭಾಷೆಯ ಕುರಿತು ಮೊದಲ ಬಾರಿಗೆ ಪ್ರಶ್ನೆ ಕೇಳಿದ ಆ 1851ರ ಗಣತಿಯಲ್ಲಿ ಐರಿಷ್ ಬಲ್ಲವರೆಂದು ದಾಖಲಾದವರು ಸುಮಾರು 15 ಲಕ್ಷ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. ಕ್ಷಾಮದ ಹೊಡೆತ ಹೆಚ್ಚು ಬಿದ್ದದ್ದು ಪಶ್ಚಿಮದ ಬಡ ಐರಿಷ್ ಭಾಷಿಕರ ಮೇಲೆ. ಬದುಕುಳಿದವರು ಮಕ್ಕಳನ್ನು ಹಡಗು ಹತ್ತಿಸಲು ಸಿದ್ಧಗೊಳಿಸುತ್ತಿದ್ದರು. ಹಡಗಿನ ಆಚೆ ದಡದಲ್ಲಿ ಬೇಕಾದದ್ದು ಇಂಗ್ಲಿಷ್. 1831ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಶಾಲೆಗಳ ಬೋಧನಾ ಮಾಧ್ಯಮವೂ ಇಂಗ್ಲಿಷೇ. ಹೀಗೆ ಒಂದೆರಡು ತಲೆಮಾರುಗಳಲ್ಲಿ ಊರುಗಳು ಉಳಿದವು, ಊರ ಹೆಸರನ್ನು ಅರ್ಥ ಮಾಡಿಕೊಳ್ಳಬಲ್ಲವರು ಹೋದರು.

ಹಾಗೆ ಹಡಗು ಹತ್ತಿದವರ ಪೈಕಿ ಮನಿಗಾಲ್‌ನ ಪಾದರಕ್ಷೆ ತಯಾರಕ ಜೋಸೆಫ್ ಕಾರ್ನಿಯ ಮಗ ಫಾಲ್ಮತ್ ಕಾರ್ನಿಯೂ ಒಬ್ಬ. 1850ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣನಾಗಿದ್ದಾಗ ಆತ ನ್ಯೂಯಾರ್ಕ್‌ಗೆ ಬಂದಿಳಿದು ಒಹಾಯೊ ರಾಜ್ಯಕ್ಕೆ ತೆರಳಿದ. ಆತನ ಮಗಳ ಸಂತತಿಯಲ್ಲಿ ಮುಂದೆ ಸ್ಟ್ಯಾನ್ಲಿ ಡನಮ್, ಅವರ ಮಗಳು ಆ್ಯನ್ ಡನಮ್, ಆಕೆಯ ಮಗ ಬರಾಕ್ ಒಬಾಮ. ಐದು ತಲೆಮಾರು ಹಿಂದಿನ ಈ ಕೊಂಡಿ ಪತ್ತೆಯಾದದ್ದು ಒಬಾಮ ಅಧ್ಯಕ್ಷಸ್ಥಾನಕ್ಕೆ ಸ್ಪರ್ಧಿಸಲು ಹೊರಟ 2007ರಲ್ಲಿ. ಅಮೆರಿಕದ ವಂಶಾವಳಿ ಸಂಶೋಧಕರು ಕೊಟ್ಟ ಸುಳಿವನ್ನು ಮನಿಗಾಲ್ ಸಮೀಪದ ಟೆಂಪಲ್‌ಹ್ಯಾರಿ ಚರ್ಚಿನ ಹಳೆಯ ದಾಖಲೆಗಳು ದೃಢಪಡಿಸಿದವು.

ಹೊರಗಿನವರ ಹೆಸರು ಹೊತ್ತ ಊರಿಗೆ 2010ರ ಡಿಸೆಂಬರ್‌ನಲ್ಲಿ ಹೊರಗಿನವರ ಓಡಾಟವೇ ನಿಂತುಹೋಯಿತು. ಹೊಸ ಎಂ-7 ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಬದಿಗಿಟ್ಟು ಸಾಗಿತು. ಡಬ್ಲಿನ್-ಲಿಮರಿಕ್ ವಾಹನಗಳು ಮುಖ್ಯ ಬೀದಿಗೆ ಬರುವುದು ತಪ್ಪಿತು. ಐದು ತಿಂಗಳ ಬಳಿಕ, 2011ರ ಮೇ 23ರಂದು, ಅಧ್ಯಕ್ಷರ ಹೆಲಿಕಾಪ್ಟರ್ ಊರ ಆಟದ ಮೈದಾನಕ್ಕೆ ಇಳಿಯಿತು. ಮನೆಗಳ ಮುಂಭಾಗಕ್ಕೆಲ್ಲ ಹೊಸ ಬಣ್ಣ ಬಿದ್ದಿತ್ತು. ಒಬಾಮ ದಂಪತಿ ಮುಖ್ಯ ಬೀದಿಯಲ್ಲಿ ನಡೆದು ಜನರ ಕೈಕುಲುಕಿ, ಪಾನಗೃಹದಲ್ಲಿ ಗಿನ್ನೆಸ್ ಕುಡಿದರು. ಅದೇ ಸಂಜೆ ಡಬ್ಲಿನ್‌ನ ಸಭೆಯಲ್ಲಿ ಒಬಾಮ ತಮ್ಮನ್ನು ಮನಿಗಾಲ್‌ನ ಒಬಾಮ ಮನೆತನದವನೆಂದು ಪರಿಚಯಿಸಿಕೊಂಡು, ಎಲ್ಲೋ ಕಳೆದುಹೋದ ತಮ್ಮ ಹೆಸರಿನ ಅಪಾಸ್ಟ್ರಫಿ ಚಿಹ್ನೆಯನ್ನು ಹುಡುಕಲು ಬಂದಿರುವುದಾಗಿ ಹೇಳಿ ನಗೆ ಉಕ್ಕಿಸಿದರು.

ಆ ನಗೆಮಾತಿನ ಚಿಹ್ನೆಯೂ ಒಂದು ತಪ್ಪು ಬರಹವೇ ಎಂಬುದು ಗಮನಾರ್ಹ. ಐರಿಷ್ ಕುಲನಾಮಗಳ ಮೊದಲಲ್ಲಿರುವ ‘ಓ’ ಎಂದರೆ ಮೊಮ್ಮಗ, ವಂಶಜ. ಅದರ ತಲೆಯ ಮೇಲೆ ಸ್ವರ ದೀರ್ಘವೆಂದು ತೋರಿಸುವ ಸಣ್ಣ ಗೀಟೊಂದಿದೆ. ಇಂಗ್ಲಿಷ್ ಬರಹದಲ್ಲಿ ಆ ಗೀಟು ಪಕ್ಕಕ್ಕೆ ಜಾರಿ ಅಪಾಸ್ಟ್ರಫಿಯಾಗಿ ಕುಳಿತಿತು. ಅನೇಕ ಮನೆತನಗಳು ಇಂಗ್ಲಿಷ್ ಆಡಳಿತದ ಕಾಲದಲ್ಲಿ ಆ ‘ಓ’ವನ್ನೇ ಕೈಬಿಟ್ಟವು. ಕಾರ್ನಿ ಎಂಬ ಹೆಸರೂ ಐರಿಷ್‌ನಲ್ಲಿ ‘ಓ’ ಸಹಿತವಾದದ್ದು.

ಭೇಟಿಯ ಫಲ ಊರಿಗೆ ದಕ್ಕಿದೆ. 2014ರಲ್ಲಿ ಹೆದ್ದಾರಿಯ 23ನೇ ನಿರ್ಗಮನದ ಬಳಿ ‘ಬರಾಕ್ ಒಬಾಮ ಪ್ಲಾಜಾ’ ಎಂಬ ಹೆಸರಿನಲ್ಲಿ ಪೆಟ್ರೋಲ್ ಬಂಕ್, ಉಪಾಹಾರ ಕೇಂದ್ರ ಹಾಗೂ ಸಣ್ಣ ವಸ್ತುಸಂಗ್ರಹಾಲಯ ಒಳಗೊಂಡ ವಿಶ್ರಾಂತಿ ತಾಣ ಆರಂಭವಾಯಿತು. ಬದಿಗೆ ಸರಿಸಿದ್ದ ಹೆದ್ದಾರಿಯೇ ಈಗ ಗಿರಾಕಿಗಳನ್ನು ಕರೆತರುತ್ತಿದೆ.

ಹೆಸರು ಮರಳಿ ಪಡೆಯುವ ಬಗೆ

1937ರ ಸಂವಿಧಾನದ ಪ್ರಕಾರ ಐರಿಷ್ ಆ ದೇಶದ ರಾಷ್ಟ್ರಭಾಷೆ ಹಾಗೂ ಪ್ರಥಮ ಅಧಿಕೃತ ಭಾಷೆ. ಊರಹೆಸರುಗಳ ಸರಿಯಾದ ಐರಿಷ್ ರೂಪ ನಿರ್ಧರಿಸಲು 1946ರಲ್ಲಿ ಸ್ಥಳನಾಮ ಆಯೋಗ ರಚನೆಯಾಯಿತು. ಓ ಡೊನೊವನ್ ಬಳಗದ ‘ಹೆಸರು ಪುಸ್ತಕ’ಗಳು, ಮಧ್ಯಯುಗದ ದಾಖಲೆಗಳು, ಉಳಿದಿರುವ ಮೌಖಿಕ ರೂಪಗಳು ಇವನ್ನೆಲ್ಲ ತಾಳೆ ನೋಡಿ ಒಂದೊಂದೇ ಹೆಸರನ್ನು ತೀರ್ಮಾನಿಸುವ ಈ ಕೆಲಸ ಸರಕಾರದ ಸ್ಥಳನಾಮ ಶಾಖೆಯಲ್ಲಿ ಮುಂದುವರಿದಿದೆ. ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2008ರಲ್ಲಿ ಆರಂಭವಾದ ‘ಲೋಗನಿಮ್’ ಎಂಬ ಅಂತರ್ಜಾಲ ಕೋಶದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಹೆಸರು ಹುಡುಕಿ ನೋಡಬಹುದು.

ಕಾನೂನು ಮಾಡಿದಷ್ಟು ಸುಲಭವಾಗಿ ಜನರ ಒಪ್ಪಿಗೆ ಸಿಗುವುದಿಲ್ಲ ಎಂಬುದಕ್ಕೆ ಕೆರಿ ಕೌಂಟಿಯ ಡಿಂಗಲ್ ಪಟ್ಟಣ ನಿದರ್ಶನ. ಐರಿಷ್ ಭಾಷಿಕ ಪ್ರದೇಶದಲ್ಲಿರುವ ಈ ಪ್ರವಾಸಿ ಬಂದರಿಗೆ 2005ರಿಂದ ‘ಆನ್ ಡ್ಯಾಂಗನ್’ ಎಂಬ ಐರಿಷ್ ಹೆಸರೊಂದೇ ಅಧಿಕೃತವೆಂದು ಸಾರಲಾಯಿತು. ಪ್ರವಾಸಿಗರು ದಾರಿ ತಪ್ಪಿ ವ್ಯಾಪಾರ ಕುಸಿದೀತೆಂದು ಊರವರು ಸಿಡಿದೆದ್ದರು. 2006ರ ಜನಾಭಿಪ್ರಾಯ ಸಂಗ್ರಹದಲ್ಲಿ ಭಾರಿ ಬಹುಮತ ದ್ವಿಭಾಷಾ ಹೆಸರಿನ ಪರವಾಗಿ ಬಂತು. ಕೊನೆಗೆ 2011ರಲ್ಲಿ ಕಾನೂನು ತಿದ್ದಿ, ಇಂಗ್ಲಿಷಿನಲ್ಲಿ ಡಿಂಗಲ್, ಐರಿಷ್‌ನಲ್ಲಿ ಇನ್ನೂ ಉದ್ದನೆಯ ‘ಡ್ಯಾಂಗನ್ ಈ ಖೂಶ್’ ಎಂದು ನಿಗದಿಪಡಿಸಲಾಯಿತು. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಇಲ್ಲಿ ಅಂತಹ ಬಿಕ್ಕಟ್ಟು ಉಂಟಾಗಲಿಲ್ಲ. ಕಾರಣ ಸರಳ: ಬೆಂಗಳೂರು, ಬಳ್ಳಾರಿ, ಬೆಳಗಾವಿ ಎಂದು ನಿತ್ಯ ನುಡಿಯುವ ಕೋಟ್ಯಂತರ ನಾಲಗೆಗಳು ಇಲ್ಲಿದ್ದವು, ಬದಲಾದದ್ದು ಫಲಕ ಮಾತ್ರ. ಐರ್ಲೆಂಡಿನಲ್ಲಿ 2022ರ ಗಣತಿಯ ಪ್ರಕಾರ ಐರಿಷ್ ಬರುತ್ತದೆ ಎಂದವರು 18.7 ಲಕ್ಷ. ಶಾಲೆಯ ಹೊರಗೆ ದಿನನಿತ್ಯ ಅದನ್ನು ಆಡುವವರು ಸುಮಾರು 72 ಸಾವಿರ.

ಮನಿಗಾಲ್ ಇಂತಹ ವಿವಾದಗಳಿಂದ ದೂರ ಉಳಿದಿದೆ. ಅದು ಇಂಗ್ಲಿಷ್ ಆಡುವ ಸೀಮೆಯ ಊರಾದ್ದರಿಂದ ಎರಡೂ ರೂಪಗಳು ಜೊತೆಯಾಗಿ ನಡೆದಿವೆ. ದೇಶದ ಇತರ ರಸ್ತೆಫಲಕಗಳಂತೆ ಇಲ್ಲಿಯೂ ಮೇಲಿನ ಸಾಲಿನಲ್ಲಿ ಓರೆ ಅಕ್ಷರಗಳ ಐರಿಷ್ ಹೆಸರು, ಅದರ ಕೆಳಗೆ ನೆಟ್ಟನೆಯ ದೊಡ್ಡಕ್ಷರಗಳಲ್ಲಿ ಇಂಗ್ಲಿಷ್ ಹೆಸರು. ಒಬಾಮ ಪ್ಲಾಜಾಕ್ಕೆ ಹೋಗಲು ಹೆದ್ದಾರಿಯಿಂದ ಇಳಿಯುವವರು ಓದಿಕೊಳ್ಳುವುದು ಕೆಳಗಿನ ಸಾಲನ್ನು. ಪೊದೆಗಾಡು ಇರುವುದು ಮೇಲಿನದರಲ್ಲಿ.